ಪಹಣಿಯಲ್ಲಿ ಇಲ್ಲದ ಹೊಲದ ಮಾತುಗಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ‘ಬೇಸಾಯದ ಹಳೆಯ ಪದಗಳು’. ನಾನು ಕನ್ನಡ ಪಂಡಿತನಲ್ಲ. ಮೂವತ್ತನಾಲ್ಕು ವರ್ಷ ಸರ್ವೆ ಕೆಲಸ ಮಾಡಿ, ಸರಪಳಿ ಎಳೆಸಿ, ನಕ್ಷೆ ಬರೆದು ನಿವೃತ್ತನಾದವನು. ಭಾಷೆಯ ವಿಚಾರ ಮಾತನಾಡಲು ಸರ್ವೆಯವನನ್ನು ಯಾಕೆ ಕರೆದರು ಎಂದು ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಕಾರಣ ಇದೆ. ಹೊಲದ ಬಗ್ಗೆ ನಮ್ಮಲ್ಲಿ ಎರಡು ಕನ್ನಡಗಳಿವೆ. ಒಂದು ಕಚೇರಿಯ ಕನ್ನಡ, ಇನ್ನೊಂದು ತೆವರಿಯ ಮೇಲೆ ನಿಂತವರ ಕನ್ನಡ. ಇವೆರಡರ ನಡುವೆ ಓಡಾಡುವುದೇ ನನ್ನ ಹೊಟ್ಟೆಪಾಡಾಗಿತ್ತು.

ಮೊದಲು ಕಚೇರಿಯದನ್ನು ನೋಡೋಣ. ಪಹಣಿ ನಿಮ್ಮೆಲ್ಲರ ಮನೆಯಲ್ಲೂ ಇದೆ. ಸಾಲಕ್ಕೆ ಬೇಕು, ಬೆಳೆ ಪರಿಹಾರಕ್ಕೆ ಬೇಕು, ಗಂಡು ಹೆಣ್ಣಿನ ಮಾತುಕತೆಗೂ ಒಮ್ಮೊಮ್ಮೆ ಬೇಕು. ಅದರಲ್ಲಿ ಸಾಗುವಳಿ ಜಮೀನಿಗೆ ಇರುವುದು ಮೂರೇ ಮಾತು: ತರಿ, ಖುಷ್ಕಿ, ಬಾಗಾಯ್ತು. ಮೂರೂ ಪಾರಸಿಯ ಕಡೆಯಿಂದ ಬಂದವು. ತರ್ ಎಂದರೆ ಒದ್ದೆ, ಖುಷ್ಕ್ ಎಂದರೆ ಒಣ, ಬಾಗ್ ಎಂದರೆ ತೋಟ. ಬೇಸಾಯಕ್ಕೆ ಬಾರದ ಜಾಗ ಖರಾಬು, ಎಂದರೆ ಕೆಟ್ಟದ್ದು. ಪಹಣಿ ಎಂಬ ಮಾತು ಮರಾಠಿಯಿಂದ ಬಂದದ್ದು. ಅದರ ಮೂಲದಲ್ಲಿರುವುದು ‘ನೋಡುವುದು’, ಅಂದರೆ ಅಧಿಕಾರಿ ಬಂದು ಬೆಳೆ ನೋಡಿಕೊಂಡು ಹೋಗುವುದು. ನಾವು ಎದೆ ತಟ್ಟಿ ಹೇಳಿಕೊಳ್ಳುವ ‘ರೈತ’ ಎಂಬ ಮಾತು ಕೂಡ ಅರಬ್ಬಿ ಮೂಲದ್ದು. ಅಲ್ಲಿ ಅದಕ್ಕೆ ಆಳಿಸಿಕೊಳ್ಳುವ ಪ್ರಜೆ ಎಂದು ಅರ್ಥ. ಉಳುವವನು ಎಂಬ ಅರ್ಥ ಆಮೇಲೆ ಅಂಟಿಕೊಂಡಿತು. ಅದಕ್ಕೂ ಮೊದಲು ನಮ್ಮಲ್ಲಿ ಒಕ್ಕಲು ಮಾಡುವವನು, ಆರಂಬಗಾರ ಎಂಬ ಮಾತುಗಳಿದ್ದವು. ನಮ್ಮ ನಾಗಮಂಗಲ ಸೀಮೆಯ ಮುದುಕರು ಈಗಲೂ ‘ಏನಪ್ಪಾ, ಆರಂಬ ಹೆಂಗದೆ?’ ಎಂದೇ ಕೇಳುತ್ತಾರೆ.

ಈ ಕಚೇರಿ ಪದಗಳ ಮೇಲೆ ನನಗೆ ಸಿಟ್ಟಿಲ್ಲ. ಮೂವತ್ತನಾಲ್ಕು ವರ್ಷ ಅನ್ನ ಹಾಕಿದ ಪದಗಳು. ಆದರೆ ಅವು ನೆಲಕ್ಕೆ ಕೇಳುವ ಪ್ರಶ್ನೆ ಒಂದೇ: ನಿನ್ನಿಂದ ಕಂದಾಯ ಎಷ್ಟು ಬರುತ್ತದೆ? ನಮ್ಮ ಅಜ್ಜಿ, ಅಪ್ಪ ಆಡುತ್ತಿದ್ದ ಪದಗಳು ಬೇರೆ ಪ್ರಶ್ನೆ ಕೇಳುತ್ತಿದ್ದವು. ನಿನಗೆ ಏನು ಮಾಡಬೇಕು, ಯಾವಾಗ ಮಾಡಬೇಕು, ಏನು ಮಾಡಬಾರದು? ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಉದಾಹರಣೆ.

ನೀರು ನಿಲ್ಲುವ ನೆಲ ಗದ್ದೆ, ಮಳೆಯನ್ನೇ ನಂಬಿದ ನೆಲ ಬೆದ್ದಲು. ಬೆದ್ದಲು ಎಂಬ ಮಾತನ್ನು ಈಗಿನ ಮಕ್ಕಳು ಕೇಳಿರಲಾರರು. ಆದರೆ ಅದು ತೀರ ಹಳೆಯದು. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ತೆಗೆದು ನೋಡಿ. ದಾನ ಕೊಟ್ಟ ನೆಲದ ಲೆಕ್ಕ ಬಂದ ಕಡೆಯಲ್ಲೆಲ್ಲ ಗದ್ದೆ, ಬೆದ್ದಲೆ ಎಂದು ಜೋಡಿಯಾಗಿ ಬರುತ್ತವೆ. ಗದ್ದೆ ಹಳೆಯ ಶಾಸನಗಳಲ್ಲಿ ಗೞ್ದೆ. ನಡುವೆ ಇರುವ ಆ ಅಕ್ಷರ ಈಗ ನಮ್ಮ ವರ್ಣಮಾಲೆಯಲ್ಲೇ ಇಲ್ಲ. ಅದು ಗರ್ದೆಯಾಗಿ, ಆಮೇಲೆ ಗದ್ದೆಯಾಯಿತು. ಹಳೆಗನ್ನಡದಲ್ಲಿ ಹೊಲಕ್ಕೆ ಕೆಯ್ ಎಂದೂ ಹೆಸರು. ಇದರ ತಮಿಳು ರೂಪ ಚೆಯ್. ಒಳ್ಳೆಯ ಚೆಯ್ ನಂಜೆ, ಬಡ ಚೆಯ್ ಪುಂಜೆ. ಕೊಳ್ಳೇಗಾಲ 1956ಕ್ಕೆ ಮುಂಚೆ ಮದ್ರಾಸಿಗೆ ಸೇರಿತ್ತಲ್ಲ, ಆ ಕಡೆಯ ಹಳೆಯ ದಾಖಲೆಗಳಲ್ಲಿ ನಂಜೆ, ಪುಂಜೆ ಎಂದೇ ಕಾಣುತ್ತದೆ.

ಬೆದ್ದಲು ಎಲ್ಲ ಒಂದೇ ಅಲ್ಲ. ಎತ್ತರದ, ಗಾಳಿ ಹೊಡೆಯುವ, ನೀರು ನಿಲ್ಲದ ಹೊಲ ಬೋರೆ. ಕೆಂಪು ಮಣ್ಣಿನದು ಕೆಬ್ಬೆ. ಕಲ್ಲು ಚೂರಿನದು ಗರುಸು. ಉಪ್ಪು ಬಿಟ್ಟುಕೊಳ್ಳುವುದು ಚೌಳು. ಕೆರೆ ಹತ್ತಿರ ವರ್ಷವೆಲ್ಲ ಕಾಲು ಹೂತುಕೊಳ್ಳುವುದು ಜೌಗು. 1800ರಲ್ಲಿ ಶ್ರೀರಂಗಪಟ್ಟಣದ ಸುತ್ತ ತಿರುಗಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಂಥ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಎರೆ, ಕೆಬ್ಬೆ, ಮರಳು ಎಲ್ಲ ಇವೆ. ಭತ್ತ ಬಿತ್ತುವುದರಲ್ಲಿ ಮೂರು ಬಗೆಯನ್ನೂ ಅವನು ಬರೆದಿದ್ದಾನೆ: ಒಣ ಬೀಜ ಚೆಲ್ಲುವುದು ಬರಭತ್ತ, ಮೊಳಕೆ ಬರಿಸಿ ಕೆಸರಿಗೆ ಚೆಲ್ಲುವುದು ಮೊಳೆಭತ್ತ, ಸಸಿ ಕಿತ್ತು ನೆಡುವುದು ನಾಟಿ. ಮೂರರಲ್ಲಿ ಇವತ್ತು ನಮ್ಮ ಬಾಯಲ್ಲಿ ಉಳಿದಿರುವುದು ನಾಟಿ ಒಂದೇ. ಈಚೆಗೆ ಕೂಲಿಯಾಳು ಸಿಗದೆ ಒಣ ಬೀಜವನ್ನೇ ನೇರವಾಗಿ ಬಿತ್ತುವ ಪದ್ಧತಿಯನ್ನು ಹೊಸದೆಂದು ತರಬೇತಿ ಶಿಬಿರಗಳಲ್ಲಿ ಹೇಳಿಕೊಡುತ್ತಾರೆ. ಇನ್ನೂರು ವರ್ಷದ ಹಿಂದೆ ಅದಕ್ಕೆ ಅಚ್ಚ ಕನ್ನಡದ ಹೆಸರಿತ್ತು. ಹೆಸರು ಕಳೆದುಹೋದದ್ದರಿಂದ ಕೆಲಸವೂ ಹೊಸದಾಗಿ ಕಾಣುತ್ತಿದೆ.

ಇನ್ನು ಉಳುಮೆಗೆ ಬರೋಣ. ಎತ್ತು, ನೊಗ, ನೇಗಿಲು ಎಲ್ಲ ಸೇರಿ ಹೂಡಿದರೆ ಅದು ಆರು. ಕೆಲವರು ಏರು ಎನ್ನುತ್ತಾರೆ, ತಮಿಳಿನಲ್ಲಿಯೂ ಏರ್. ‘ಬೆಳಿಗ್ಗೆ ಆರು ಕಟ್ಟಿದ’ ಎಂದರೆ ಗಡಿಯಾರದ ಮಾತಲ್ಲ. ಯುಗಾದಿಗೆ ನಮ್ಮಲ್ಲಿ ಹೊನ್ನಾರು ಕಟ್ಟುತ್ತಾರಲ್ಲ, ಅದು ಹೊನ್ನಿನ ಆರು, ಹೊಸ ವರ್ಷದ ಮೊದಲ ಉಳುಮೆ. ಎತ್ತುಗಳ ಮೈ ತೊಳೆದು, ಕೊಂಬಿಗೆ ಹೂವು ಕಟ್ಟಿ, ಪಂಚಾಂಗದಲ್ಲಿ ಯಾರ ಹೆಸರಿಗೆ ಕೂಡಿಬಂತೋ ಅವರ ಕೈಲಿ ಮೊದಲ ಸಾಲು ಹೊಡೆಸುತ್ತಾರೆ. ಹೋದ ವರ್ಷ ನನ್ನ ಮೊಮ್ಮಗ, ‘ಹೊನ್ನಾರು ಅಂದ್ರೆ ಗೋಲ್ಡನ್ ಸಿಕ್ಸರ್ರಾ ತಾತ?’ ಎಂದು ಕೇಳಿದ. ನಗು ಬಂತು. ಹುಡುಗನ ತಪ್ಪೇನಿಲ್ಲ, ಅವನ ಲೋಕದಲ್ಲಿ ಆರಕ್ಕೆ ಬೇರೆ ಬೆಲೆ.

ಹೊಲವನ್ನೆಲ್ಲ ಒಂದು ಸಲ ಉತ್ತು ಮುಗಿಸಿದರೆ ಒಂದು ಉಕ್ಕೆ. ಮತ್ತೆ ಅಡ್ಡಡ್ಡ ಉತ್ತರೆ ಇನ್ನೊಂದು ಉಕ್ಕೆ. ‘ಎಷ್ಟು ಉಕ್ಕೆ ಆಯಿತು?’ ಎಂದು ಕೇಳಿದರೆ ಆ ಮನುಷ್ಯನ ಬೇಸಾಯದ ಯೋಗ್ಯತೆ ಅಳೆದಂತೆ. ಸುಗ್ಗಿ ಮುಗಿದು ಚಳಿಯಲ್ಲಿ ಉಳುವುದು ಮಾಗಿ ಉಳುಮೆ. ಮಣ್ಣು ತಿರುವಿ ಬಿಸಿಲಿಗೆ ಬೀಳುತ್ತದೆ, ಹುಳುವಿನ ಮೊಟ್ಟೆ ಸಾಯುತ್ತದೆ, ಮುಂಗಾರಿನ ಮೊದಲ ಮಳೆ ಹರಿದು ಹೋಗದೆ ಒಳಗೆ ಇಳಿಯುತ್ತದೆ. ನೇಗಿಲ ತುದಿಯ ಕಬ್ಬಿಣ ಕುಳ. ಕಂದಾಯ ಕಟ್ಟುವವನಿಗೂ ಕುಳ ಎಂದೇ ಹೆಸರು. ಹಿಡಿಯುವ ಕಡೆ ಮೇಳಿ, ನೊಗಕ್ಕೆ ಸೇರುವ ಉದ್ದನೆಯ ಮರ ಈಸು, ಕಟ್ಟುವ ಚರ್ಮದ ಹಗ್ಗ ಮಿಣಿ. ಇವುಗಳನ್ನು ನಿಮ್ಮ ಮನೆಯ ಅಟ್ಟದ ಮೇಲೆ ಹುಡುಕಿದರೆ ಇನ್ನೂ ಸಿಗಬಹುದು, ಅಥವಾ ಯಾವುದಾದರೂ ರೆಸಾರ್ಟಿನ ಗೋಡೆಯ ಮೇಲೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಎರಡು ಸಣ್ಣ ಪದಗಳ ಹತ್ತಿರ: ಹದ ಮತ್ತು ಬೆದೆ. ‘ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು’ ಎಂಬ ಗಾದೆ ಕೇಳಿದ್ದೀರಿ. ಹದ ಎಂದರೆ ಮಣ್ಣು ಅತಿ ಒದ್ದೆಯೂ ಅಲ್ಲದೆ ಅತಿ ಒಣಗಲೂ ಇಲ್ಲದೆ ಕಬ್ಬಿಣ ಒಪ್ಪಿಕೊಳ್ಳುವ ಸ್ಥಿತಿ. ನಮ್ಮಪ್ಪ ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮುದ್ದೆ ಕಟ್ಟಿ ಮೊಣಕಾಲೆತ್ತರದಿಂದ ಬಿಡುತ್ತಿದ್ದರು. ಮುದ್ದೆ ಹಾಗೇ ಕೂತರೆ ಹದ ಬಂದಿಲ್ಲ, ಮನೆಗೆ ವಾಪಸು. ಮುದ್ದೆಯೇ ಕಟ್ಟಲಾಗದೆ ಪುಡಿಯಾದರೆ ಹದ ಮೀರಿತು. ಬಿದ್ದು ಹರಳು ಹರಳಾಗಿ ಒಡೆದರೆ ಹದ. ಹಸಿಯಲ್ಲಿ ಉತ್ತರೆ ಹೆಂಟೆ ಏಳುತ್ತದೆ, ಅದು ಒಣಗಿದರೆ ಕಲ್ಲು. ಒಂದು ಅವಸರದ ಉಳುಮೆ ಆ ವರ್ಷವೆಲ್ಲ ಕಾಡುತ್ತದೆ.

ಬೆದೆ ಇನ್ನೂ ಸೂಕ್ಷ್ಮ. ನೆಲದಲ್ಲಿ ತೇವದ ಜೊತೆ ಒಂದು ಬಿಸುಪೂ ಸೇರಿ ಬೀಜ ಹಿಡಿಯುವ ಸಮಯ. ಹಸು ಗರ್ಭ ಕಟ್ಟಲು ಸಿದ್ಧವಾದರೂ ಬೆದೆಗೆ ಬಂತು ಎನ್ನುತ್ತೇವೆ. ಮಕ್ಕಳು ನಗಬೇಡಿ. ಹಟ್ಟಿಯಲ್ಲಿರುವ ಹಸುವಿಗೂ ಹೊಲಕ್ಕೂ ಒಂದೇ ಪದ ಇಟ್ಟವರು ನೆಲವನ್ನು ಹೇಗೆ ನೋಡುತ್ತಿದ್ದರು ಎಂದು ಸ್ವಲ್ಪ ಯೋಚಿಸಿ. ಎರಡಕ್ಕೂ ಕಾಯಬೇಕು, ಎರಡೂ ಬಂದಾಗ ತಡಮಾಡಬಾರದು. ಈಗ ಹದ ಎಂಬ ಮಾತು ಉಳಿದಿರುವುದು ಅಡುಗೆಮನೆಯಲ್ಲಿ. ಮುದ್ದೆ ಹದವಾಗಿದೆ, ಉಪ್ಪು ಹದವಾಗಿದೆ. ಹೊಲದಲ್ಲಿ ಆ ಮಾತಿಗೆ ಕೆಲಸ ಇಲ್ಲ. ಯಾಕೆಂದರೆ ಟ್ರ್ಯಾಕ್ಟರಿನವನು ಬರುವುದು ಅವನ ಸರದಿ ಪ್ರಕಾರ, ನಿಮ್ಮ ಹದದ ಪ್ರಕಾರ ಅಲ್ಲ. ಎದ್ದ ಹೆಂಟೆ ಪುಡಿ ಮಾಡಲು ರೋಟವೇಟರ್ ಇದೆಯಲ್ಲ ಎನ್ನುತ್ತಾರೆ. ಇದೆ, ಗಂಟೆಗಿಷ್ಟು ಎಂದು ಅದಕ್ಕೆ ಬೇರೆ ದುಡ್ಡು. ನಾನು ಟ್ರ್ಯಾಕ್ಟರಿನ ವಿರೋಧಿಯಲ್ಲ. ಎರಡು ಎತ್ತು ಸಾಕುವ ಕಷ್ಟ ಏನೆಂದು ಸಗಣಿ ಬಾಚಿದ ನಮ್ಮ ವಯಸ್ಸಿನವರಿಗೆ ಗೊತ್ತು. ಆದರೆ ಹದ ನೋಡಿ ಟ್ರ್ಯಾಕ್ಟರ್ ಕರೆಸುವುದಕ್ಕೂ ಟ್ರ್ಯಾಕ್ಟರ್ ಬಂದ ದಿನ ಉಳುವುದಕ್ಕೂ ವ್ಯತ್ಯಾಸ ಇದೆ.

ಗಾದೆಯಲ್ಲಿ ಬಂದ ‘ಹರಗು’ ನನಗೆ ಅರ್ಥವಾದದ್ದು ವರ್ಗವಾಗಿ ಗದಗ ಕಡೆಗೆ ಹೋದ ಮೇಲೆ. ನಮ್ಮ ಕೆಬ್ಬೆ ಹೊಲವನ್ನು ವರ್ಷ ವರ್ಷವೂ ಉಳಬೇಕು. ಅಲ್ಲಿಯ ಎರೆಹೊಲದಲ್ಲಿ ಹಾಗಲ್ಲ. ಎರೆ ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ, ತನ್ನನ್ನು ತಾನೇ ಅರ್ಧ ಉತ್ತುಕೊಂಡ ಹಾಗೆ. ಆದ್ದರಿಂದ ಅಲ್ಲಿಯವರು ಎತ್ತಿಗೆ ಕುಂಟೆ ಕಟ್ಟಿ ಮೇಲುಮಣ್ಣನ್ನು ಮಾತ್ರ ಕೆರೆಯುತ್ತಾರೆ. ಅದೇ ಹರಗುವುದು. ಕರಿಕೆ ವಿಪರೀತ ಹಬ್ಬಿದಾಗ, ಎಷ್ಟೋ ವರ್ಷಕ್ಕೊಮ್ಮೆ, ದೊಡ್ಡ ರಂಟೆ ಹೊಡೆಯುತ್ತಾರೆ. ರಂಟೆ ಎಂದರೆ ಅವರ ನೇಗಿಲು. ಒಂದು ದಿನ ಅಲ್ಲಿಯ ಒಬ್ಬ ಯಜಮಾನರಿಗೆ ‘ನಿಮ್ಮ ಹೊಲ ಎಷ್ಟು ಸಲ ಉಳ್ತೀರಿ?’ ಎಂದೆ. ‘ಉಳೂದಿಲ್ರೀ, ಹರಗತೀವಿ’ ಎಂದರು. ಒಂದು ಕ್ರಿಯಾಪದದಲ್ಲಿ ಮಣ್ಣಿನ ಗುಣ ಪೂರ್ತಿ ಹೇಳಿ ಮುಗಿಸಿಬಿಟ್ಟರು.

ಬಿತ್ತನೆಗೆ ನಮ್ಮ ಕಡೆ ಕೂರಿಗೆ. ರಾಗಿಗೆ ಹನ್ನೆರಡು ತಾಳಿನ ಕೂರಿಗೆ. ಮೇಲಿನ ಬಟ್ಟಲಿಗೆ ಬೀಜ ಬಿಟ್ಟರೆ ಹನ್ನೆರಡು ಬಿದಿರು ಕೊಳವೆಗಳಲ್ಲಿ ಹನ್ನೆರಡು ಸಾಲಿಗೆ ಇಳಿಯುತ್ತದೆ. ಹಿಂದೆ ಹಗ್ಗದಲ್ಲಿ ಕಟ್ಟಿದ ಒಂಟಿ ಕೊಳವೆ ಸಡ್ಡೆ. ಅದನ್ನು ಹಿಡಿದು ನಡೆಯುವವರು ಹೆಚ್ಚಾಗಿ ಹೆಂಗಸರು. ಸಡ್ಡೆಯಲ್ಲಿ ಬೀಳುವುದು ರಾಗಿಯಲ್ಲ; ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಅದೇ ಅಕ್ಕಡಿ ಸಾಲು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಉಳಿಯುತ್ತಿತ್ತು, ಮನೆಗೆ ಬೇಳೆ ಬರುತ್ತಿತ್ತು, ದನಕ್ಕೆ ಜೋಳದ ದಂಟು ಬರುತ್ತಿತ್ತು. ಹೊಲದ ವಿಮೆ ಎಂದರೆ ಅದೇ. ನಮ್ಮವ್ವ ಸಡ್ಡೆ ಹಿಡಿದರೆ ಸಾಲು ನೂಲು ಹಿ‌ಡಿದಂತೆ ಇರುತ್ತಿತ್ತು ಎಂದು ಊರಲ್ಲಿ ಹೆಸರಿತ್ತು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನೇಗಿಲಿನ ಗೆರೆಗೂ ಪುಸ್ತಕದ ಗೆರೆಗೂ ಕನ್ನಡ ಸಾಲು ಎಂಬ ಒಂದೇ ಹೆಸರಿಟ್ಟಿದೆ ನೋಡಿ.

ಪದ ಹೋದರೆ ಏನು ಹೋಗುತ್ತದೆ, ಬೇರೆ ಪದ ಬರುತ್ತದಲ್ಲ ಎಂದು ಕೇಳುವವರಿಗೆ ನನ್ನ ಕೆಲಸದ ಒಂದು ಪ್ರಸಂಗ ಹೇಳುತ್ತೇನೆ. ಊರು, ಹೆಸರು ಬೇಡ. ಅಣ್ಣತಮ್ಮಂದಿರ ಮೊಮ್ಮಕ್ಕಳ ನಡುವೆ ಗದ್ದೆ ವ್ಯಾಜ್ಯ. ಕೋರ್ಟಿನ ಆದೇಶದಂತೆ ಸ್ಥಳ ಅಳತೆಗೆ ನಾನು ಹೋಗಿದ್ದೆ. ಅವರ ಕೈಲಿದ್ದದ್ದು 1940ರ ದಶಕದ ಒಂದು ಪಾಲುಪತ್ರ, ಮಡಿಕೆಯಲ್ಲಿ ಹರಿದು ಶಾಯಿ ಮಾಸಿದ್ದು. ಅದರಲ್ಲಿ ಎಕರೆ ಗುಂಟೆ ಇರಲಿಲ್ಲ. ‘ತೂಬಿನ ಬುಡದ ಗದ್ದೆ ಹತ್ತು ಕೊಳಗ ಬೀಜವರಿ’ ಎಂಬ ರೀತಿ.

ಬೀಜವರಿ ಎಂದರೆ ಏನೆಂದು ಹೇಳಿ ಮುಂದೆ ಹೋಗುತ್ತೇನೆ. ಎಷ್ಟು ಬೀಜ ಹಿಡಿಯುತ್ತದೋ ಅದೇ ಆ ನೆಲದ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಭತ್ತ ಒತ್ತಾಗಿ ಬೀಳುತ್ತದೆ, ರಾಗಿ ತೆಳ್ಳಗೆ ಬೀಳುತ್ತದೆ. ಹಾಗಾಗಿ ಖಂಡುಗದ ಬೆದ್ದಲು ಖಂಡುಗದ ಗದ್ದೆಗಿಂತ ಹಲವು ಪಟ್ಟು ದೊಡ್ಡದು. 1860ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಮುಂಬಯಿ ಪದ್ಧತಿಯ ಸರ್ವೆ ಬಂತು. 33 ಅಡಿ ಸರಪಳಿ, ಅದಕ್ಕೆ 16 ಆಣೆ, ಸರಪಳಿ ಉದ್ದ ಸರಪಳಿ ಅಗಲಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಸರಪಳಿಗೆ ಗದ್ದೆಯೂ ಒಂದೇ, ಬಂಡೆಯೂ ಒಂದೇ. ಸರಪಳಿ ಬಂದು ಎಂಬತ್ತು ವರ್ಷವಾಗಿದ್ದರೂ ಆ ಪಾಲುಪತ್ರ ಬರೆಸಿದ ಮುದುಕರು ಬೀಜದಲ್ಲೇ ಲೆಕ್ಕ ಹೇಳಿದ್ದರು.

ಸರಿ, ವ್ಯಾಜ್ಯಕ್ಕೆ ಬರೋಣ. ಪತ್ರದ ಕೊನೆಯಲ್ಲಿ ಒಂದು ವಾಕ್ಯ: ‘ಒಟ್ಲುಮಡಿ ಇಬ್ಬರಿಗೂ ಸಮ.’ ತಮ್ಮನ ಕಡೆಯ ಮೊಮ್ಮಗ, ಪಟ್ಟಣದಲ್ಲಿ ಓದಿದ ಹುಡುಗ, ಅದನ್ನು ‘ಒಟ್ಟು ಮಡಿ’ ಎಂದು ಓದಿದ. ಅಂದರೆ ಎಲ್ಲ ಮಡಿಗಳೂ ಇಬ್ಬರಿಗೂ ಸಮ. ಹಾಗಾದರೆ ಅಣ್ಣನ ಕಡೆಯವರು ಎಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ತೂಬಿನ ಬುಡದ ಗದ್ದೆಯಲ್ಲೂ ತನಗೆ ಅರ್ಧ ಎಂದು ದಾವೆ. ನಾಲ್ಕು ವರ್ಷ ನಡೆದಿತ್ತು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ತೆವರಿಯ ಮೇಲೆ ಎರಡೂ ಕಡೆಯವರು ನಿಂತು ಕೂಗಾಡುತ್ತಿದ್ದಾಗ ಅಣ್ಣನ ಕಡೆಯ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದರು. ನಾನು ಆ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಅಜ್ಜಿ, ‘ಅಯ್ಯೋ, ಒಟ್ಲುಮಡಿ ಕಣಪ್ಪ ಅದು, ಬಾವಿ ಪಕ್ಕದ್ದು. ಪೈರು ಬಿಡ್ತಿದ್ದುದು. ಅದನ್ನೂ ಸೀಳಿ ಹಂಚ್ಕಂಡ್ರೆ ಸಸಿ ಎಲ್ಲಿ ಬಿಡೋದು?’ ಎಂದರು.

ಒಟ್ಟಲು ಎಂದರೆ ಸಸಿ ಮಡಿ, ನಾಟಿಗೆ ಮುಂಚೆ ಪೈರು ಬೆಳೆಸುವ ಜಾಗ. ಕೆರೆ ನೀರು ಬಿಡುವುದಕ್ಕೆ ಮೊದಲೇ ಅದಕ್ಕೆ ನೀರು ಬೇಕು, ಅದಕ್ಕೇ ಬಾವಿಯ ಪಕ್ಕ. ಇಬ್ಬರಿಗೂ ಅದು ಬೇಕು, ಇಬ್ಬರಿಗೂ ಬಾವಿ ಒಂದೇ. ಆದ್ದರಿಂದ ಹಂಚದೆ ಸಮ ಎಂದು ಬಿಟ್ಟಿದ್ದರು. ಪತ್ರ ಬರೆಸಿದವರ ಜಾಣತನ, ಅವರು ನಾಳೆಗೂ ಒಟ್ಟಿಗೇ ಇರಲಿ ಎಂಬ ಆಸೆ, ಎಲ್ಲ ಆ ಒಂದು ಪದದಲ್ಲಿತ್ತು. ಅಳೆದಾಗ ಅದು ಮೂರು ಗುಂಟೆಯೂ ಆಗಲಿಲ್ಲ. ಅಲ್ಲಿ ಈಗ ಮೋಟಾರು ಮನೆ ನಿಂತಿದೆ. ನಾನು ಅಜ್ಜಿಯ ಹೇಳಿಕೆಯನ್ನು ಮಹಜರಿನಲ್ಲಿ ಬರೆದುಕೊಂಡೆ. ಆಮೇಲೆ ರಾಜಿಯಾಯಿತು ಎಂದು ಕೇಳಿದೆ. ನಾಲ್ಕು ವರ್ಷ ವಕೀಲರಿಗೆ ಕೊಟ್ಟದ್ದು ಮಾತ್ರ ಯಾರಿಗೂ ವಾಪಸು ಬರಲಿಲ್ಲ.

ಇನ್ನೊಂದು ಪದ ಕೋಡಿ. ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗ. ‘ಕೆರೆ ಕೋಡಿ ಬಿತ್ತು’ ಎಂದರೆ ಊರಿಗೆ ಹಬ್ಬ, ಹೆಂಗಸರು ಗಂಗೆಪೂಜೆ ಮಾಡುತ್ತಿದ್ದರು. ಕೋಡಿಯ ಕೆಳಗಿನ ಹೊಲಕ್ಕೆ ಕೋಡಿಹೊಲ ಎಂದೇ ಹೆಸರು. ಅಲ್ಲಿ ಯಾರೂ ಕಣ ಮಾಡುತ್ತಿರಲಿಲ್ಲ, ಗುಡಿಸಲು ಹಾಕುತ್ತಿರಲಿಲ್ಲ. ಹೆಸರೇ ಎಚ್ಚರಿಕೆ ಹೇಳುತ್ತಿತ್ತು. ನಾನು ನೋಡಿದ ಒಂದು ಪಟ್ಟಣದ ಅಂಚಿನಲ್ಲಿ ಅಂಥದೇ ಕೋಡಿಹೊಲ ಬಡಾವಣೆಯಾಯಿತು. ಪಹಣಿಯಲ್ಲಿ ಅದು ಬರಿಯ ಸರ್ವೆ ನಂಬರು ಮತ್ತು ಖುಷ್ಕಿ. ಖುಷ್ಕಿ ಎಂದರೆ ಒಣ ನೆಲ ಎಂದೆನಲ್ಲ, ಮನೆ ಕಟ್ಟಲು ಇನ್ನೇನು ಬೇಕು? ಬಡಾವಣೆಗೆ ಯಾವುದೋ ಹೂವಿನ ಹೆಸರಿಟ್ಟರು. ನಿವೇಶನ ಕೊಂಡವರಲ್ಲಿ ಮೇಷ್ಟ್ರುಗಳಿದ್ದರು, ಬಸ್ಸಿನ ಕಂಡಕ್ಟರುಗಳಿದ್ದರು, ಜೀವಮಾನದ ಉಳಿತಾಯ ಹಾಕಿದವರು. ಎಷ್ಟೋ ವರ್ಷ ಕೆರೆ ತುಂಬಲಿಲ್ಲ. ಒಂದು ವರ್ಷ ಜೋರು ಮಳೆ ಬಂದು ಕೋಡಿ ಬಿದ್ದಾಗ ನೀರು ತನ್ನ ಹಳೆಯ ದಾರಿ ಹಿಡಿದು ಮನೆಗಳ ಅಡುಗೆಕೋಣೆಗೆ ಬಂತು. ಪಕ್ಕದ ಹಳ್ಳಿಯ ಕುರಿಗಾಹಿಯೊಬ್ಬ, ‘ಕೋಡಿಹೊಲಕ್ಕೆ ನೀರು ಬರದೆ ಇನ್ನೆಲ್ಲಿಗೆ ಬಂದಾತು?’ ಎಂದ. ಅವನನ್ನು ಮೊದಲೇ ಕೇಳಿದವರಿಲ್ಲ. ಕ್ರಯಪತ್ರದಲ್ಲಿ ಆ ಹೆಸರು ಬರೆಯುವ ಜಾಗವೂ ಇಲ್ಲ.

ಮಲೆನಾಡು ಕರಾವಳಿಯ ಮಾತು ಬೇರೆಯೇ ಒಂದು ಭಾಷಣ. ಅಲ್ಲಿ ಗದ್ದೆಯಲ್ಲೇ ಮೆಟ್ಟಿಲು ಮೆಟ್ಟಿಲು: ತಗ್ಗಿನದು ಬೈಲು, ನಡುವಿನದು ಮಜಲು, ಮೇಲಿನದು ಬೆಟ್ಟು. ಮಳೆ ನೀರನ್ನೇ ನಂಬಿದ ಏರುಗದ್ದೆ ಮಕ್ಕಿ. ಕುಮಟಾ ಕಡೆ ಅಘನಾಶಿನಿಯ ಉಪ್ಪುನೀರು ಏರಿ ಇಳಿಯುವ ಗದ್ದೆಗೆ ಗಜನಿ ಎಂದು ಹೆಸರು, ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ. ಇವೆಲ್ಲಕ್ಕೂ ಸೇರಿಸಿ ನಮ್ಮ ಕಚೇರಿಯ ಅಚ್ಚಿನಲ್ಲಿ ಇರುವುದು ಮತ್ತದೇ ಮೂರು ಮಾತು.

ಹೊಸ ಪದ ಹುಟ್ಟುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯ ಕಡೆಗೆ ಹರಿದಾಗ ಎಷ್ಟೋ ಬೆದ್ದಲು ಗದ್ದೆಯಾಯಿತು, ಹಳೆಯ ಮಾತು ಹೊಸ ಬೆಳೆಗೆ ಹೊಂದಿಕೊಂಡವು. ಮೊದಲ ವರ್ಷದ ಕಬ್ಬು ತನಿ, ಕಡಿದ ಬುಡದಿಂದ ಮತ್ತೆ ಚಿಗುರಿದ್ದು ಕೂಳೆ. ಕೂಳೆ ಎಂದರೆ ಮೊದಲು ಕೊಯ್ದುಳಿದ ಬುಡ ಅಷ್ಟೇ. ನಾಲೆಯಲ್ಲಿ ಸರದಿ ಪ್ರಕಾರ ಬಿಡುವ ನೀರು ಕಟ್ಟು ನೀರು. ಇವು ಕೆಲಸ ಮಾಡುವವರ ಬಾಯಲ್ಲಿ ಬೆಳೆದ ಪದಗಳು, ಚೆನ್ನಾಗಿವೆ. ಕೆಲಸ ನಡೆಯುವ ಕಡೆ ಮಾತು ತಾನಾಗಿ ಬರುತ್ತದೆ. ಟ್ರ್ಯಾಕ್ಟರಿನವರೂ ‘ಒಂಬತ್ತು ಹಲ್ಲಿಂದು’ ಎನ್ನುತ್ತಾರೆ, ಅದೂ ಸೊಗಸಾದ ಕನ್ನಡವೇ.

ಹಕ್ಕಲು ಎಂಬ ಪದವನ್ನು ಬಿಟ್ಟರೆ ನಮ್ಮವ್ವ ಬೈದುಕೊಂಡಾಳು. ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆಗಳೇ ಹಕ್ಕಲು. ಅದನ್ನು ಆಯ್ದುಕೊಳ್ಳಲು ಹೊಲ ಇಲ್ಲದವರು ಬರುತ್ತಿದ್ದರು, ಹೊಲದವರು ಬೇಡ ಎನ್ನುವ ಹಾಗಿರಲಿಲ್ಲ. ನಮ್ಮ ತರಗತಿಯಲ್ಲೇ ಹಕ್ಕಲು ಆಯ್ದ ರಾಗಿ ಮಾರಿ ಪುಸ್ತಕ ಕೊಂಡವರಿದ್ದರು. ಅವರಲ್ಲಿ ಒಬ್ಬರು ಈ ಸಭೆಯಲ್ಲೂ ಇದ್ದಾರೆ. ಕೊಯ್ಲಿನ ಯಂತ್ರದ ಹಿಂದೆಯೂ ತೆನೆ ಉದುರುತ್ತದೆ, ಆದರೆ ಅದನ್ನು ಆಯಲು ಯಾರೂ ಬರುವುದಿಲ್ಲ. ಅಕ್ಕಿ ಈಗ ಪಡಿತರದಲ್ಲಿ ಬರುತ್ತದೆ, ಒಳ್ಳೆಯದೇ ಆಯಿತು. ಇದೊಂದು ಪದ ಹೋದದ್ದಕ್ಕೆ ನನಗೆ ಅಷ್ಟು ದುಃಖ ಇಲ್ಲ. ಬಡವರ ಬೆನ್ನು ಬಗ್ಗಿಸುತ್ತಿದ್ದ ಪದ ಅದು.

ಕಡೆಯದಾಗಿ ಒಂದು ಕೆಲಸದ ವಿಷಯ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ನಾಲ್ಕು ದೊಡ್ಡ ಲೆಕ್ಕದ ಪುಸ್ತಕ ತಂದಿದ್ದೇನೆ, ಎಂಟನೆ ತರಗತಿಗೆ ಎರಡು, ಒಂಬತ್ತಕ್ಕೆ ಎರಡು. ಹತ್ತನೆಯವರಿಗೆ ಪರೀಕ್ಷೆ ಇದೆ, ಅವರನ್ನು ಬಿಟ್ಟಿದ್ದೇನೆ. ಪ್ರತಿ ಪುಟದಲ್ಲಿ ಗೆರೆ ಎಳೆದಿದೆ. ಮೊದಲ ಕಲಮಿನಲ್ಲಿ ನಿಮ್ಮ ಮನೆಯ ಹೊಲವನ್ನು ಮನೆಯಲ್ಲಿ ಕರೆಯುವ ಹೆಸರು. ಎರಡನೆಯದರಲ್ಲಿ ಸರ್ವೆ ನಂಬರು. ಮೂರನೆಯದರಲ್ಲಿ ಆ ಹೆಸರು ಯಾಕೆ ಬಂತು, ಯಾರು ಹೇಳಿದರು, ಅವರ ವಯಸ್ಸೆಷ್ಟು. ಹೊಲ ಇಲ್ಲದ ಮನೆಯವರು ಕೂಲಿಗೆ ಹೋಗುತ್ತಿದ್ದ ಹೊಲದ ಹೆಸರು ಬರೆಯಲಿ. ಎಲ್ಲರ ಹೊಲದ ಗುಣವೂ ಅವರಿಗೇ ಹೆಚ್ಚು ಗೊತ್ತು. ನಾವು ಕುಳಿತಿರುವ ಈ ಆಟದ ಮೈದಾನಕ್ಕೂ ಒಂದು ಹೆಸರಿತ್ತು. ಶಾಲೆಗೆ ಜಾಗ ಬಿಟ್ಟುಕೊಟ್ಟ ಮನೆಯವರ ಬಾಯಲ್ಲಿ ಇದು ಮರಳುಬೋರೆ. ಎಷ್ಟು ಮಳೆ ಬಂದರೂ ಅರ್ಧ ಗಂಟೆಯಲ್ಲಿ ಕಬಡ್ಡಿ ಆಡಬಹುದಿತ್ತಲ್ಲ, ಅದಕ್ಕೆ. ಮೊದಲ ಪುಟದ ಮೊದಲ ಸಾಲಿನಲ್ಲಿ ಅದನ್ನು ನಾನೇ ಬರೆದಿದ್ದೇನೆ. ಎರಡನೆಯ ಸಾಲಿನಿಂದ ನೀವು ಶುರು ಮಾಡಿ. ಪುಸ್ತಕಗಳು ಕನ್ನಡ ಮೇಡಂ ಅವರ ಮೇಜಿನ ಮೇಲಿವೆ.

ಊಟದ ಗಂಟೆ ಆಗಲೇ ಮೀರಿದೆ.